ಕರೆದು ಸೆಳೆಯುವ ದನಿ

ದಾಲಾರ್ನಾ ಸೀಮೆಯ ಕಾಡಿನ ಬೇಸಿಗೆ ದೊಡ್ಡಿಗಳಲ್ಲಿ ಹಸುಗಳನ್ನು ಯಾರೂ ಅಟ್ಟಿಕೊಂಡು ಬರುವುದಿಲ್ಲ. ಹೆಂಗಸರು ಅಂಗಳದಲ್ಲಿ ನಿಂತು ಎತ್ತರದ ದನಿಯಲ್ಲಿ ಹಾಡಿ ಕರೆಯುತ್ತಾರೆ. ಅದಕ್ಕೆ 'ಲೊಕ್ಕಾ' ಎನ್ನುತ್ತಾರೆ. ಅಲ್ಲೇ ಹುಟ್ಟಿ ಬೆಳೆದ ಗುನ್‌ವೋರ್ ಈಗ ಉಪ್ಸಾಲಾ ನಗರದಲ್ಲಿ ಹಳೆಯ ಭಾಷೆಗಳ ಪಾಠ ಹೇಳುತ್ತಾಳೆ. ಬೇಸಿಗೆ ಬಂದರೆ ಮಾತ್ರ ತಾಯಿಯ ದೊಡ್ಡಿಗೆ ಓಡಿಬರುತ್ತಾಳೆ. ಆ ಮಧ್ಯಾಹ್ನವೂ ಗಂಡ ಟೋರ್ಕೆಲ್‌ನ ತಲೆ ತಿನ್ನುತ್ತಿದ್ದಳು.

"ಜರ್ಮನ್ನರ 'ಲೊಕೆನ್', ಐಸ್‌ಲ್ಯಾಂಡಿನವರ 'ಲೊಹ್ಕಾ', ನಮ್ಮ 'ಲೊಕ್ಕಾ', ಎಲ್ಲಾ ಒಂದೇ ಅಜ್ಜಿ ಮೊಮ್ಮಕ್ಕಳು ಕಣೋ. ಆ ಅಜ್ಜಿ ಪದಾನ ಬರೆದಿಟ್ಟೋರೇ ಇಲ್ಲ. ಮೊಮ್ಮಕ್ಕಳ ಮುಖ ನೋಡಿ 'ಲುಕ್ಕೋನಂ' ಅಂತ ಊಹೆ ಮಾಡಿರೋದು. ಕರೆದು ಮರುಳು ಮಾಡಿ ಸೆಳ್ಕೊಳ್ಳೋದು ಅಂತ ಅರ್ಥ."

ಈ ಪುರಾಣದ ನಡುವೆ ಆರು ವರ್ಷದ ಮಗಳು ತೂವಾ ಹಸುಗಳ ಹಿಂದೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ನೋಡನೋಡುತ್ತಿದ್ದಂತೆ ಮಂಜು ಇಳಿಯಿತು.

"ತೂವಾ!" ಟೋರ್ಕೆಲ್ ಗಂಟಲು ಹರಿಯುವಂತೆ ಕೂಗಿದ.

"ಮಂಜಲ್ಲಿ ಹೆಸರು ಹಿಡಿದು ಕೂಗ್ಬಾರ್ದು! ಕಾಡಿನ ದೆವ್ವಗಳು ಕಲ್ತುಬಿಡ್ತವೆ ಅಂತ ಅಮ್ಮ ಬೈಯೋಳು."

"ಮೇಷ್ಟರಮ್ಮ ಆಡೋ ಮಾತಾ ಇದು ಮಾರಾಯ್ತಿ? ಮಗು ಕಾಣ್ತಿಲ್ಲ!"

ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ? ಅವಳೂ ಕೂಗಿದಳು. "ತೂವಾ, ಬಾ ಮಗಳೇ, ಬಾ!"

"ಬಾ..." ಎಂದಿತು ಅವಳದೇ ದನಿ, ಜೌಗಿನಾಚೆಯ ಕೆರೆಯ ಕಡೆಯಿಂದ.

ಗುನ್‌ವೋರ್ ಆ ಕಡೆ ತಿರುಗಿದಳು. ಕೆರೆಯ ಹಿಂದೆ ಗೋಡೆಯಂಥ ಬಂಡೆಯಿತ್ತು. ದೆವ್ವಗಿವ್ವ ಏನೂ ಬೇಕಿರಲಿಲ್ಲ, ದನಿಯನ್ನು ಮರಳಿಸಲು ಆ ಬಂಡೆಯೇ ಸಾಕಿತ್ತು. ಮಗುವಿನ ಪಾಲಿಗೆ ತಾಯಿ ಈಗ ಕೆರೆಯಲ್ಲಿದ್ದಳು. ಅವಳು ಗಂಡನ ಬಾಯಿ ಮುಚ್ಚಿದಳು.

"ಉಸಿರೆತ್ತಬೇಡ. ನಾವೇ ಅವಳನ್ನ ನೀರಿಗೆ ಕರೀತಿದೀವಿ."

"ಹಾಗಾದ್ರೆ ನಾನೇ ಹೋಗ್ತೀನಿ."

"ಈ ಮಂಜಲ್ಲಿ ಜೌಗಿಗೆ ಕಾಲಿಟ್ರೆ ಇಬ್ಬರನ್ನೂ ಕಳ್ಕೋತೀನಿ. ಹಾಲು ಕರೆಯೋ ಹೊತ್ತಾಯ್ತು, ನಮ್ಮ ಹಿರೀ ಹಸು ಮಜ್ರೋಸ್ ತಾನಾಗೇ ಮನೆಗೆ ಬರ್ತಾಳೆ. ಅವಳ ಕೊರಳಗಂಟೆ ಮಗುವಿಗೆ ಕೇಳಿಸ್ಲಿ."

ಮಗಳು ಸಾಯುತ್ತಿರಬಹುದಾದ ಹೊತ್ತಿನಲ್ಲಿ ತಾಯಿ ಬಾಯಿ ಮುಚ್ಚಿ ನಿಲ್ಲುವುದೆಂದರೆ ಏನು ಸಂಕಟ! ಗುನ್‌ವೋರ್ ಸೆರಗಿನಂತೆ ಇಳಿಬಿದ್ದಿದ್ದ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಟೋರ್ಕೆಲ್ ಬೇಲಿಯ ಗೂಟ ಹಿಡಿದು ನಿಂತಿದ್ದ. ದೂರದಲ್ಲಿ ನೀರು ಕಲಕಿದಂತಾಯಿತು. ಆಮೇಲೆ ಅದೂ ಇಲ್ಲ.

ಕೊನೆಗೂ ಗಂಟೆಯ ಸದ್ದು ಬಂತು. ಮಂಜಿನೊಳಗಿಂದ ಮಜ್ರೋಸ್ ಹೊರಬಂದಳು. ಅವಳ ಬಾಲ ಹಿಡಿದುಕೊಂಡು, ಕತ್ತಿನವರೆಗೂ ನೆನೆದ ತೂವಾ ಬಂದಳು. ಗುನ್‌ವೋರ್ ಓಡಿಹೋಗಿ ಬಾಚಿ ತಬ್ಬಿಕೊಂಡಳು. ಮಗು ಮುಖ ಊದಿಸಿಕೊಂಡು ಕೊಸರಾಡಿತು.

"ಹೋಗಮ್ಮಾ, ನೀನು ಸುಳ್ಳಿ. ಬಾ ಬಾ ಅಂತ ನೀರೊಳಗಿಂದ ಕರೆದು, ನಾನು ಬಂದ್ರೆ ಸುಮ್ಮನಾಗ್ಬಿಟ್ಟೆ. ಇನ್ನೊಂದೇ ಒಂದ್ಸಲ ಕರೆದಿದ್ರೆ ಬಂದೇಬಿಡ್ತಿದ್ದೆ."