ಕೈಗೆ ಹೊಂದುವ ಪಿಸ್ತೂಲು

ಎರಡು ಸಾವಿರದ ಮೂರನೆಯ ಇಸವಿ, ಮಾರ್ಚ್ ಮೊದಲ ವಾರ. ನೀಲಗಂಗಾಳಿಗೆ ಆಫೀಸಿನಿಂದ ಬಂದ ಹೊಸ ರೋಗಿಗಳ ಪಟ್ಟಿಯಲ್ಲಿ ಗದಿಗೆಪ್ಪ ಎಂಬ ಹೆಸರಿತ್ತು. ಹತ್ತು ವರ್ಷದಿಂದ ಡೆಟ್ರಾಯಿಟಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ಕೆಲಸ ಅವಳದು. ಸೊಂಟ ಮುರಿದವರು, ಮಂಡಿ ಬದಲಾಯಿಸಿಕೊಂಡವರು, ಲಕ್ವ ಹೊಡೆದವರು ಎಂದು ನೂರಾರು ಜನರನ್ನು ಕಂಡಿದ್ದಳು. ತನ್ನ ಊರ ಕಡೆಯ ಹೆಸರೊಂದು ಆ ಹಾಳೆಯಲ್ಲಿ ಬಂದದ್ದು ಅದೇ ಮೊದಲು.

ಮನೆ ನಗರದ ಪಶ್ಚಿಮಕ್ಕೆ, ಹಳೆಯ ಇಟ್ಟಿಗೆ ಮನೆಗಳ ಬೀದಿಯಲ್ಲಿತ್ತು. ಎಡಗಡೆಯ ಮನೆ ಸುಟ್ಟು ಕರಿಗಟ್ಟಿತ್ತು, ಬಲಗಡೆ ಬರೀ ಹುಲ್ಲು. ಬಾಗಿಲಿನ ಮೂರು ಚಿಲಕ ತೆಗೆಯಲು ಒಳಗಿನವರಿಗೆ ಬಹಳ ಹೊತ್ತು ಹಿಡಿಯಿತು. ತೆಗೆದವರು ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಬಲಗೈ ಎದೆಗೆ ಅಂಟಿಕೊಂಡಿತ್ತು. ನೀಲಗಂಗಾ ಕನ್ನಡದಲ್ಲಿ ಮಾತಾಡಿಸಿದಾಗ ಅವರು ಗೋಡೆ ಹಿಡಿದುಕೊಂಡು ಒಳಗೆ ನಡೆದರು. ಕುರ್ಚಿ ಹುಡುಕಿ ಕೂತುಕೊಂಡರು.

"ಯಾವೂರವಾ ನಿಂದು?"

"ನರೇಗಲ್ಲ ರೀ ಅಂಕಲ್."

"ನಮ್ದು ರಾಣೆಬೆನ್ನೂರ. ಕನ್ನಡ ಮಾತಾಡಿ ಏಳೆಂಟು ವರ್ಷಾತು. ತಪ್ಪಿದ್ರ ತಿದ್ದು."

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಈ ದೇಶಕ್ಕೆ ಬಂದವರು. ಕಾರ್ಖಾನೆಗಳಿಗೆ ಅಚ್ಚು ಮತ್ತು ಉಪಕರಣ ಮಾಡಿಕೊಡುವ ಸಣ್ಣ ವರ್ಕ್‌ಶಾಪು ಇಟ್ಟುಕೊಂಡಿದ್ದರು. ಹ್ಯಾಮ್‌ಟ್ರಾಮಿಕ್‌ನ ಪೋಲಿಷ್ ಹುಡುಗಿ ಐರೀನಳನ್ನು ಮದುವೆಯಾಗಿದ್ದರು. ಮಕ್ಕಳಾಗಲಿಲ್ಲ. ಐರೀನ್ ತೀರಿಕೊಂಡು ಏಳು ವರ್ಷವಾಗಿತ್ತು. ಕನ್ನಡದವರೆಲ್ಲ ಉತ್ತರದ ರಾಚೆಸ್ಟರ್ ಹಿಲ್ಸ್ ಕಡೆ ಮನೆ ಮಾಡಿಕೊಂಡು ಹೋದ ಮೇಲೆ ಇವರ ಕಡೆ ಯಾರೂ ಬಂದಿರಲಿಲ್ಲ.

ಮೊದಲ ದಿನ ತುಂಬಿಸಬೇಕಾದ ಫಾರ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ಈ ಚಿಕಿತ್ಸೆಯಿಂದ ನಿಮಗೇನಾಗಬೇಕು? ಜನ ಸಾಮಾನ್ಯವಾಗಿ ಬಚ್ಚಲಿಗೆ ತಾನೇ ಹೋಗಬೇಕು, ಸಹಿ ಹಾಕಬೇಕು ಎನ್ನುತ್ತಿದ್ದರು. ಗದಿಗೆಪ್ಪನವರು ಯೋಚಿಸಿ ಹೇಳಿದರು: "ನನ್ನ ಪಿಸ್ತೂಲಿನ ಸ್ಲೈಡ್ ನಾನ ಹಿಂದಕ್ಕ ಎಳಿಬೇಕು. ಅಷ್ಟಾದ್ರ ಸಾಕು."

ನೀಲಗಂಗಾ ಪೆನ್ನು ಎತ್ತಿ ಅವರ ಮುಖ ನೋಡಿದಳು. ಅವರು ನಗುತ್ತಿರಲಿಲ್ಲ. 'ಬಾಟಲಿಯ ಬಿಗಿ ಮುಚ್ಚಳ ತೆಗೆಯುವಷ್ಟು ಬಲ' ಎಂದು ಬರೆದುಕೊಂಡಳು.

ಅವರ ಮಾತಿಗೆ ಅವಳು ಬೆಚ್ಚದೆ ಇರಲು ಕಾರಣವಿತ್ತು. ಫೆಬ್ರುವರಿಯಲ್ಲಿ ಒಬ್ಬ ರೋಗಿಯ ಮನೆಯಿಂದ ಹೊರಗೆ ಬಂದಾಗ ಅವಳ ಕಾರಿನ ಗಾಜು ಒಡೆದಿತ್ತು, ಚೀಲ ಹೋಗಿತ್ತು. ಅದಾದ ವಾರಕ್ಕೆ ಇನ್ನೊಂದು ಬೀದಿಯಲ್ಲಿ ಒಬ್ಬ ಗಂಡಸು ಅವಳ ಹಿಂದೆಯೇ ನಡೆದು ಬಂದು, ಅವಳು ಕಾರಿನೊಳಗೆ ಕೂತು ಬಾಗಿಲು ಲಾಕ್ ಮಾಡಿದ ಮೇಲೂ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಿದ್ದ. ಏನೂ ಮಾಡಲಿಲ್ಲ, ಸುಮ್ಮನೆ ನೋಡಿ ಹೋದ. ಅವತ್ತಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಿಷಿಗನ್ನಿನಲ್ಲಿ ಪಿಸ್ತೂಲಿನ ಕಾನೂನು ಸಡಿಲವಾಗಿ ಎರಡು ವರ್ಷವಾಗಿತ್ತು. ಜೊತೆಯ ಇಬ್ಬರು ನರ್ಸುಗಳು ತರಗತಿಗೆ ಹೋಗಿ, ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡುವ ಲೈಸೆನ್ಸು ಪಡೆದಿದ್ದರು. ಅವಳೂ ಒಂದು ಶನಿವಾರದ ತರಗತಿ ಮುಗಿಸಿದ್ದಳು. ಯಾವುದನ್ನು ಕೊಳ್ಳುವುದು ಎಂದು ಕೇಳಲು ಮಾತ್ರ ಯಾರೂ ಇರಲಿಲ್ಲ. ಗಂಡ ಚಿದಂಬರ ಬೇರೆಯಾಗಿ ದೂರದ ನೇಪರ್‌ವಿಲ್‌ನಲ್ಲಿದ್ದ. ಹದಿನಾಲ್ಕರ ಮಗಳು ವರ್ಷಾ ಅವನ ಜೊತೆಗಿದ್ದಳು. ಅಲ್ಲಿಯ ಸ್ಕೂಲು ಚೆನ್ನಾಗಿದೆ ಎಂದು ಇಬ್ಬರೂ ಒಪ್ಪಿಯೇ ಹಾಗೆ ಮಾಡಿದ್ದರು.

ಮೂರನೆಯ ಸಲ ಹೋದಾಗ ಗದಿಗೆಪ್ಪನವರು ಮಂಚದ ಪಕ್ಕದ ಡ್ರಾಯರು ತೋರಿಸಿದರು. ನವೆಂಬರಿನಲ್ಲಿ ಲಕ್ವ ಹೊಡೆದಂದಿನಿಂದ ಪಿಸ್ತೂಲು ಅದರಲ್ಲಿ ಹಾಗೆಯೇ ಇತ್ತು, ಗುಂಡು ತುಂಬಿಕೊಂಡು. ಖಾಲಿ ಮಾಡಬೇಕೆಂದರೆ ಸ್ಲೈಡು, ಅಂದರೆ ಮೇಲಿನ ಉಕ್ಕಿನ ಹೊದಿಕೆ, ಹಿಂದಕ್ಕೆ ಎಳೆಯಬೇಕು, ಎಳೆಯಲು ಎರಡು ಕೈ ಬೇಕು.

"ನೀ ತಗದ ಕೊಡ್ತಿಯೇನು? ನಾ ಹೇಳಿದಂಗ ಮಾಡು. ಪಿಸ್ತೂಲಿನ ಬಾಯಿ ಆ ಗ್ವಾಡಿ ಕಡೆ ಇರಲಿ. ಬೆರಳ ಟ್ರಿಗರಿನ ಹತ್ರನ ಹೋಗಬಾರದು."

ತರಗತಿಯಲ್ಲಿ ಮುಟ್ಟಿದ್ದಳಾದರೂ ಇಷ್ಟು ಭಾರವಿದ್ದದ್ದನ್ನು ಹಿಡಿದಿರಲಿಲ್ಲ. ಹಿಡಿಯ ಕೆಳಗಿನಿಂದ ಗುಂಡು ತುಂಬಿದ ಮ್ಯಾಗಝೀನು ಜಾರಿಸಿ ತೆಗೆದಳು. ಆಮೇಲೆ ಸ್ಲೈಡು. ಮೊದಲ ಸಲ ಅರ್ಧಕ್ಕೆ ಬಂದು ಕೈ ಜಾರಿತು. "ಅಂಗೈ ಪೂರಾ ಊರು," ಎಂದರು. ಎರಡನೆಯ ಸಲ ಅದು ಪೂರ್ತಿ ಹಿಂದಕ್ಕೆ ಬಂದು, ಒಳಗಿದ್ದ ಗುಂಡು ಹಾರಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿ ಹೋಯಿತು. ಅವಳು ಮಂಡಿಯೂರಿ ತಡಕಾಡಿ ಅದನ್ನು ತೆಗೆದುಕೊಂಡು ಎದ್ದಾಗ ಗದಿಗೆಪ್ಪನವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ನಾಲ್ಕು ತಿಂಗಳಾತು, ಇದರ ಬಾಜೂನ ಮಲಗೇನಿ," ಎಂದರು. "ಖಾಲಿನೂ ಮಾಡಾಕ ಬರಂಗಿಲ್ಲ, ಹೊಡಿಯಾಕೂ ಬರಂಗಿಲ್ಲ."

ಆ ದಿನ ಅವಳು ತನ್ನ ವಿಷಯ ಹೇಳಿಕೊಂಡಳು. ಅಂಗೈ ಊರಿ ನಿಂತವನ ಕತೆಯನ್ನು ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಕೇಳಿದ್ದು ಒಂದೇ, "ನಿನ್ನ ಕೈ ತೋರ್ಸು." ಅವಳಿಂದಲೇ ಅಳತೆಯ ಕ್ಯಾಲಿಪರ್ ತರಿಸಿ ಅವಳ ತೋರುಬೆರಳಿನ ಉದ್ದ, ಅಂಗೈಯ ಅಗಲ ಅಳೆದು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದುಕೊಂಡರು.

ಅಲ್ಲಿಂದ ಇಬ್ಬರ ಕೆಲಸವೂ ಕೂಡಿ ಹೋಯಿತು. ಮೊದಲ ಅರ್ಧ ಗಂಟೆ ಅವಳು ಅವರ ಬೆರಳು ಬಿಡಿಸುವುದು, ರಬ್ಬರಿನ ಮುದ್ದೆಯನ್ನು ಕಣಕದಂತೆ ನಾದಿಸುವುದು. ಉಳಿದ ಹೊತ್ತು ಪಿಸ್ತೂಲಿನ ಮಾತು. ರಿವಾಲ್ವರಿಗೆ ಐದೇ ಗುಂಡು, ಆದರೆ ಎಳೆಯುವ ಸ್ಲೈಡಿಲ್ಲ, ಕೆಡುವುದು ಕಡಿಮೆ; ಟ್ರಿಗರು ಮಾತ್ರ ಗಟ್ಟಿ. ಚಪ್ಪಟೆ ಪಿಸ್ತೂಲು ಬಟ್ಟೆಯೊಳಗೆ ಕಾಣುವುದಿಲ್ಲ, ಗುಂಡು ಹೆಚ್ಚು ಹಿಡಿಯುತ್ತದೆ, ಆದರೆ ದಿನಾ ಅಭ್ಯಾಸ ಬೇಕು. ಅವಳು ಪುಸ್ತಕದಲ್ಲಿ ಓದಿದ್ದನ್ನು ಹೇಳಿದರೆ ಅವರು ತಲೆ ಅಲ್ಲಾಡಿಸುತ್ತಿದ್ದರು.

"ಓದಿ ಅಂಗಿ ಹೊಲಸ್ತಾರೇನು? ಮೊದಲ ಮೈಮ್ಯಾಲ ಇಟ್ಕೊಂಡು ಅಡ್ಡಾಡು. ಆಮ್ಯಾಲ ತಗೊಳ್ಳುವಂತಿ."

ನೆಲಮಾಳಿಗೆಯಲ್ಲಿ ಅವರ ಹಳೆಯ ವರ್ಕ್‌ಶಾಪಿನ ಹತ್ಯಾರುಗಳಿದ್ದವು. ಮುಂದಿನ ವಾರ ಹೋದಾಗ ಮೇಜಿನ ಮೇಲೆ ಮೇಪಲ್ ಕಟ್ಟಿಗೆಯ ಎರಡು ತುಂಡು ಇದ್ದವು. ಒಂದು ಗಿಡ್ಡ ರಿವಾಲ್ವರಿನ ಆಕಾರ, ಇನ್ನೊಂದು ಚಪ್ಪಟೆ ಪಿಸ್ತೂಲಿನದು. ಅವುಗಳ ಹೊಟ್ಟೆ ಕೊರೆದು, ಮೀನಿನ ಗಾಳಕ್ಕೆ ಕಟ್ಟುವ ಸೀಸ ತುಂಬಿದ್ದರು, ತೂಕ ಅಸಲಿಯಷ್ಟೇ. ಎಡಗೈಯಲ್ಲಿ ಉಳಿ ನಡೆಸಿ, ಬಲಗೈಯಲ್ಲಿ ಕಟ್ಟಿಗೆ ಒತ್ತಿ ಹಿಡಿದಿದ್ದರಂತೆ. ಅವಳು ಅವರ ಬಲಗೈಯ ಹಿಡಿತ ಅಳೆದಾಗ ಮೊದಲ ದಿನ ಎಂಟು ಪೌಂಡ್ ಇದ್ದದ್ದು ಹದಿನಾರಾಗಿತ್ತು.

ಚಪ್ಪಟೆಯದನ್ನು ಸೊಂಟದ ಬಲಕ್ಕೆ ಸಿಕ್ಕಿಸಿಕೊಂಡು ಅವಳು ಒಂದು ವಾರ ಓಡಾಡಿದಳು. ಕಾರಿನ ಬೆಲ್ಟು ಅದರ ಮೇಲೆ ಒತ್ತುತ್ತಿತ್ತು, ರೋಗಿಗಳನ್ನು ಎಬ್ಬಿಸಲು ಬಗ್ಗಿದರೆ ಪಕ್ಕೆಲುಬಿಗೆ ತಾಗುತ್ತಿತ್ತು. ಎರಡನೆಯ ವಾರ ಗಿಡ್ಡ ರಿವಾಲ್ವರು. ಅದು ಉಬ್ಬಿದರೂ ಒತ್ತುತ್ತಿರಲಿಲ್ಲ. ಆ ಶನಿವಾರ ಕನ್ನಡದವರು ರಾಚೆಸ್ಟರ್ ಹಿಲ್ಸ್‌ನ ಒಂದು ಶಾಲೆಯಲ್ಲಿ ಯುಗಾದಿಯ ಊಟ ಇಟ್ಟುಕೊಂಡಿದ್ದರು. ಅದನ್ನು ಸಿಕ್ಕಿಸಿಕೊಂಡೇ, ಸೀರೆಯ ಮೇಲೆ ಉದ್ದ ಕೋಟು ಹಾಕಿ ಹೋದಳು. ಹಳೆಯ ಗೆಳತಿಯೊಬ್ಬಳು ದೂರದಿಂದಲೇ ತೋಳು ಚಾಚಿ ಬಂದಾಗ ನೀಲಗಂಗಾ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದುಬಿಟ್ಟಳು. ಗೆಳತಿಯ ತೋಳು ಗಾಳಿಯಲ್ಲೇ ನಿಂತಿತು. ಚಿಕ್ಕ ಮಕ್ಕಳು ಕಾಲಿಗೆ ಡಿಕ್ಕಿ ಹೊಡೆಯದಂತೆ ಅವಳು ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂತು ಊಟ ಮುಗಿಸಿ, ಯಾರಿಗೂ ಹೇಳದೆ ಹೊರಟು ಬಂದಳು.

"ಭಾರ ಆತೇನು?" ಎಂದು ಗದಿಗೆಪ್ಪನವರು ಕೇಳಿದರು.

"ಭಾರ ಇಲ್ರಿ ಕಾಕಾ. ಯಾರೂ ಹತ್ರ ಬರಬಾರದು ಅನಸ್ತು."

ಅವರು ಮುದ್ದೆ ಒತ್ತುವುದನ್ನು ನಿಲ್ಲಿಸಿದರು. "ವರ್ಕ್‌ಶಾಪ್ ಇದ್ದಾಗ ನಾ ಇಪ್ಪತ್ತ ವರ್ಷ ಸೊಂಟದ ಬಲಕ್ಕ ಇಟ್ಕೊಂಡಿದ್ದೆ. ಐರೀನ್ ಯಾವತ್ತೂ ನನ್ನ ಎಡಕ್ಕ ನಡಿಯಾಕಿ. ಅದನ್ನ ಬಿಟ್ಟ ಮ್ಯಾಲೂ ಎಡಕ್ಕನ. ರೂಢಿ ಆಗಿತ್ತು." ಮತ್ತೆ ಮುದ್ದೆ ಒತ್ತುತ್ತ, "ಪಿಸ್ತೂಲ ಒಮ್ಮೇನೂ ಹೊರಗ ತಗೀಲಿಲ್ಲ," ಎಂದರು.

ಏಪ್ರಿಲ್ ಕೊನೆಗೆ ಅವಳು ಪೊಲೀಸ್ ಠಾಣೆಯಿಂದ ಖರೀದಿಯ ಪರವಾನಗಿ ತಂದಳು. ಹತ್ತು ದಿನದೊಳಗೆ ಕೊಳ್ಳಬೇಕಿತ್ತು. ರಜೆಯ ದಿನ ಗದಿಗೆಪ್ಪನವರನ್ನು ಕಾರಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದಳು. ರೋಗಿಯನ್ನು ಹೀಗೆ ಹೊರಗೆ ಕರೆದೊಯ್ಯುವುದು ಅವಳ ಆಫೀಸಿನ ನಿಯಮಕ್ಕೆ ವಿರುದ್ಧ. ಅವರು ಐರೀನ್ ಕೊಡಿಸಿದ ಟೋಪಿ ಹಾಕಿಕೊಂಡು, ತಮ್ಮ ಪಿಸ್ತೂಲಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಡಿಸಿದ್ದರು. ಅದನ್ನು ಕೊಟ್ಟು, ಸ್ಲೈಡಿಲ್ಲದ ರಿವಾಲ್ವರು ನೋಡುವ ಮನಸ್ಸು.

ಕೌಂಟರಿನ ಹಿಂದಿದ್ದವನು ನೀಲಗಂಗಾಳಿಗೆ ಅಂಗೈಯಷ್ಟು ಚಿಕ್ಕ, ತೀರಾ ಹಗುರದ್ದೊಂದನ್ನು ತೋರಿಸಿದ. ಹೆಂಗಸರಿಗೆ ಇದೇ ಹಿಡಿಸುತ್ತದೆ ಎಂದ. ಗದಿಗೆಪ್ಪನವರು ಕನ್ನಡದಲ್ಲಿ ಹೇಳಿದರು, "ಬ್ಯಾಡ. ಹಗೂರಿದ್ದಷ್ಟು ಕೈಗೆ ಜೋರ ಒದಿತದ. ಎರಡ ಸಲ ಹೊಡದ್ರ ಮೂರನೇದಕ್ಕ ಕಣ್ಣ ಮುಚ್ಚತಿ." ಸ್ವಲ್ಪ ತೂಕದ ಉಕ್ಕಿನ ರಿವಾಲ್ವರು ತೆಗೆಸಿದರು, ಬಟ್ಟೆಗೆ ಸಿಕ್ಕಿಕೊಳ್ಳುವಂತೆ ಹಿಂದೆ ಚಾಚಿದ ಕೊಕ್ಕೆ ಇಲ್ಲದ್ದು. ಅವಳ ಕೈಗೆ ಅದು ಸರಿಯಾಗಿ ಕೂತಿತು. ಬೆರಳು ಟ್ರಿಗರಿನ ಮೇಲೆ ಎಲ್ಲಿ ಬರಬೇಕೋ ಅಲ್ಲಿಗೇ ಬಂತು.

ಆಮೇಲೆ ಅದನ್ನೇ ಅವರು ಬಲಗೈಯಲ್ಲಿ ತೆಗೆದುಕೊಂಡರು. ಖಾಲಿಯಿದೆಯೆಂದು ಎರಡು ಸಲ ನೋಡಿ, ನೆಲದ ಕಡೆ ಹಿಡಿದು ಟ್ರಿಗರು ಎಳೆದರು. ಬೆರಳು ಅರ್ಧ ದಾರಿಗೆ ಬಂದು ನಡುಗತೊಡಗಿತು. ಮತ್ತೆ ಎಳೆದರು. ಎಡಗೈಗೆ ಬದಲಾಯಿಸಿದರೆ ಹೇಗೋ ಎಳೆಯಲು ಬಂತು, ಆದರೆ ನಳಿಗೆ ಪಕ್ಕಕ್ಕೆ ವಾಲಿ ಹೋಯಿತು. ಕೌಂಟರಿನವನು ಒಳ್ಳೆಯವನೇ; ಬೇರೆ ಗಿರಾಕಿಯ ಕಡೆ ನೋಡಿದಂತೆ ಮಾಡಿದ. ಗದಿಗೆಪ್ಪನವರು ರಿವಾಲ್ವರನ್ನು ಕೌಂಟರಿಗೆ ಹಾಸಿದ್ದ ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟರು. ತಮ್ಮ ಪಿಸ್ತೂಲನ್ನು ಅಲ್ಲೇ ಮಾರಿ, ಖಾಲಿ ಪೆಟ್ಟಿಗೆಯನ್ನು ವಾಪಸ್ ಕೇಳಿ ತೆಗೆದುಕೊಂಡರು.

"ನಿಂದು ಇವತ್ತ ಬ್ಯಾಡ," ಎಂದರು ಕಾರಿನಲ್ಲಿ. "ಒಂದ ರಾತ್ರಿ ನಿದ್ದಿ ಮಾಡಿ ನೋಡು. ಇನ್ನೂ ದಿನ ಅದಾವಲ್ಲ."

ಮರುದಿನ ಭಾನುವಾರ ವರ್ಷಾಳ ಫೋನಿನ ದಿನ. ಬೇಸಿಗೆಯಲ್ಲಿ ಆರು ವಾರ ಅಮ್ಮನ ಮನೆಯಲ್ಲಿರುವುದೆಂದು ಮಾತಾಗಿತ್ತು. ನೀಲಗಂಗಾ ಮುಚ್ಚಿಡದೆ ಮಗಳಿಗೆ ಪಿಸ್ತೂಲು ಕೊಳ್ಳುವ ವಿಷಯ ಹೇಳಿದಳು. "ಓಕೆ," ಎಂದಳು ವರ್ಷಾ. "ಈಸ್ ಇಟ್ ಸೇಫ್?" ಹತ್ತು ನಿಮಿಷಕ್ಕೆ ಚಿದಂಬರನ ಫೋನು ಬಂತು.

"ನೀಲಾ, ಮನೇಲಿ ಗನ್ ಇಟ್ಕೊಂಡ್ರೆ ನಾನು ವರ್ಷಾನ ಕಳಿಸಲ್ಲ. ಜಗಳಕ್ಕೆ ಹೇಳ್ತಿಲ್ಲ."

"ಬೀಗ ಹಾಕಿ ಇಡ್ತೀನಿ. ನಾನು ಹೋಗೋ ಮನೆಗಳು ಎಂಥ ಜಾಗದಲ್ಲಿವೆ ನಿಂಗೆ ಗೊತ್ತಾ?"

"ಗೊತ್ತಿಲ್ಲ. ಕೆಲಸ ಬದಲಾಯಿಸು ಅಂತ ಎಷ್ಟು ಸಲ ಹೇಳಿದೀನಿ."

ಅವನದು ತಪ್ಪು ಎನ್ನಲು ಅವಳಿಗೆ ಆಗಲಿಲ್ಲ. ಪರವಾನಗಿಯ ಕಾಗದ ಫ್ರಿಜ್ಜಿನ ಬಾಗಿಲ ಮೇಲೆ ಉಳಿದ ದಿನಗಳನ್ನೂ ಕಳೆಯಿತು. ಅವಧಿ ಮುಗಿದ ಮರುದಿನ ತೆಗೆದು ಹರಿದು ಹಾಕಿದಳು. ಕಟ್ಟಿಗೆಯ ರಿವಾಲ್ವರನ್ನು ಮಾತ್ರ ಸೊಂಟದಿಂದ ತೆಗೆದಿರಲಿಲ್ಲ. ಕೆಲಸಕ್ಕೆ ಹೊರಡುವಾಗ ಅದಿಲ್ಲದಿದ್ದರೆ ಏನೋ ಮರೆತಂತಾಗುತ್ತಿತ್ತು.

ಹನ್ನೆರಡನೆಯ ಭೇಟಿಯೇ ಕೊನೆಯದು. ವಿಮೆಯವರು ಒಪ್ಪಿದ್ದು ಅಷ್ಟಕ್ಕೇ. ಹಿಡಿತ ಇಪ್ಪತ್ತಮೂರು ಪೌಂಡಿಗೆ ಬಂದಿತ್ತು. ಗದಿಗೆಪ್ಪನವರು ಅವಳ ಕೋಟಿನ ಉಬ್ಬನ್ನು ನೋಡಿ ಎಡಗೈ ಚಾಚಿದರು.

"ಕೊಡಿಲ್ಲೆ ಅದನ್ನ."

"ಇರಲಿ ಕಾಕಾ. ಧೈರ್ಯಕ್ಕ."

"ಇದನ್ನ ತೋರಿಸಿದ್ರ ಎದುರಿಗಿನವ ಖರೇದು ತಗೀತಾನ. ತಂಗಿ, ಕೊಡು."

ಅವಳು ಕೊಟ್ಟಳು. ಅವರು ಅದನ್ನು ಖಾಲಿ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರು. ಫಾರ್ಮಿಗೆ ಸಹಿ ಹಾಕಲು ಹೇಳಿದಾಗ ಬಲಗೈಯಲ್ಲೇ ಪೆನ್ನು ಹಿಡಿದು ಬಹಳ ಹೊತ್ತು ತೆಗೆದುಕೊಂಡು ಬರೆದರು. "ಇನ್ನ ಗುರುವಾರ ಯಾರೂ ಬರಂಗಿಲ್ಲ, ಹೌದಲ್ಲ?" ಎಂದರು. ಅವಳು ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟು ಬಂದಳು. ಹೊರಗೆ ಮೂರು ಚಿಲಕಗಳೂ ಒಂದಾದ ಮೇಲೊಂದು ಬೀಳುವ ತನಕ ಮೆಟ್ಟಿಲ ಮೇಲೆ ನಿಂತಿದ್ದಳು.

ವರ್ಷಾ ಜೂನಿನಲ್ಲಿ ಬಂದಳು. ಆರು ವಾರ ಎಂದಿದ್ದದ್ದು ಈಜಿನ ಕ್ಯಾಂಪಿನಿಂದಾಗಿ ಎರಡಾಯಿತು. ಅದರಲ್ಲೂ ಅಮ್ಮ ಕೆಲಸಕ್ಕೆ ಹೋದ ಹೊತ್ತೆಲ್ಲ ಕಿವಿಗೆ ಹೆಡ್‌ಫೋನು ಹಾಕಿ ಮಲಗಿರುತ್ತಿದ್ದಳು. ಕೊನೆಯ ದಿನ ಮಾತ್ರ ಅಡಿಗೆಮನೆಗೆ ಬಂದು ನಿಂತು, ಯಾಕೆಂದು ಹೇಳದೆ, ಅಮ್ಮನ ಜೊತೆ ರೊಟ್ಟಿ ತಟ್ಟಿದಳು. ನೀಲಗಂಗಾ ಕೆಲಸ ಬದಲಾಯಿಸಲಿಲ್ಲ. ಕಾರನ್ನು ಬೀದಿಯ ಕಡೆ ಮುಖ ಮಾಡಿ ನಿಲ್ಲಿಸುವುದು, ಬೀಗದ ಕೈ ಬೆರಳಲ್ಲಿ ಹಿಡಿದೇ ಹೊರಗೆ ಬರುವುದು, ಇಷ್ಟು ಮಾಡುತ್ತಿದ್ದಳು. ಹೆದರಿಕೆ ಪೂರ್ತಿ ಹೋಗಲಿಲ್ಲ. ಅದರ ಜೊತೆಗೇ ಊಟ ಮಾಡುವುದು ರೂಢಿಯಾಯಿತು.

ಗದಿಗೆಪ್ಪನವರು ಎರಡು ಸಲ ಫೋನ್ ಮಾಡಿದ್ದರು. ಒಂದು ಸಲ ಅವಳು ಕೆಲಸದಲ್ಲಿದ್ದಳು. ಫೋನಿನ ರೆಕಾರ್ಡಿಂಗ್ ಯಂತ್ರದಲ್ಲಿ ಅವರ ಉಸಿರು, ಆಮೇಲೆ "ಏನಿಲ್ಲ ಬಿಡವಾ" ಎಂಬ ಮಾತು ಉಳಿದಿತ್ತು. ಡಿಸೆಂಬರಿನಲ್ಲಿ ಐರೀನಳ ಅಣ್ಣನ ಮಗ ಫೋನ್ ಮಾಡಿ, ಅವರು ಎರಡನೆಯ ಸಲ ಲಕ್ವ ಹೊಡೆದು ತೀರಿಕೊಂಡರು ಎಂದು ತಿಳಿಸಿದ. ಅಡಿಗೆಮನೆಯಲ್ಲಿ ಬರೆದಿಟ್ಟಿದ್ದ ನಂಬರು ಅವಳದೊಂದೇ ಇತ್ತಂತೆ.

ಪ್ರಾರ್ಥನೆ ಹ್ಯಾಮ್‌ಟ್ರಾಮಿಕ್‌ನಲ್ಲಿ ಐರೀನ್ ಹೋಗುತ್ತಿದ್ದ ಚರ್ಚಿನಲ್ಲಿ. ಒಳಗೆ ಒಂಬತ್ತು ಜನರಿದ್ದರು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಯಾರೂ ಕೋಟು ಬಿಚ್ಚಿರಲಿಲ್ಲ. ಶುರುವಾಗುವ ಮೊದಲು ಮುದುಕ ಪಾದ್ರಿ ಅವಳ ಬಳಿ ಬಂದು, ನೀವು ಸಂಬಂಧಿಕರೇ ಎಂದು ಕೇಳಿದರು. ಅವಳು ಅಲ್ಲ ಎಂದಳು. ತೀರಿಕೊಂಡವರ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ, ಮೂವತ್ತು ವರ್ಷ ನಾವು ಗ್ಯಾರಿ ಎನ್ನುತ್ತಿದ್ದೆವು ಎಂದರು ಪಾದ್ರಿ.

ನೀಲಗಂಗಾ ನಿಧಾನವಾಗಿ ಹೇಳಿದಳು. ಪಾದ್ರಿ ಹೇಳಿ ನೋಡಿದರು, ತಪ್ಪಿತು. ಅವಳು ಇನ್ನೊಮ್ಮೆ ಹೇಳಿದಳು. ಮೂರನೆಯ ಸಲಕ್ಕೆ ಹೆಚ್ಚುಕಡಿಮೆ ಸರಿ ಬಂತು. ಅವರು ಅದನ್ನು ಚೀಟಿಯಲ್ಲಿ ತಮಗೆ ತಿಳಿಯುವಂತೆ ಬರೆದುಕೊಂಡು ಮುಂದೆ ಹೋದರು. ಪ್ರಾರ್ಥನೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಎರಡು ಗಂಟೆಗೆ ಪಾಂಟಿಯಾಕ್‌ನಲ್ಲಿ ಮಂಡಿ ಬದಲಾಯಿಸಿಕೊಂಡ ಹೆಂಗಸೊಬ್ಬಳ ಮನೆಗೆ ಅವಳು ತಲುಪಬೇಕಿತ್ತು.