ಕೋಲಿನಿಂದ ಹತ್ತು ಹೆಜ್ಜೆ

ಗಂಡನ ಅಂಗಿಯ ಮೂರನೇ ಗುಂಡಿ ಹಾಕುತ್ತಿದ್ದವಳ ಕೈ ಅಲ್ಲೇ ನಿಂತಿತು. ಹೊಲದ ಕಡೆಯಿಂದ ಕಟಾವು ಯಂತ್ರದ ಸದ್ದು ಬರುತ್ತಿತ್ತು. ಮೂವತ್ತೊಂದು ವರ್ಷ ಅದನ್ನು ಓಡಿಸಿದವನು ಇಲ್ಲಿ, ಮುಂದಿನ ಕೋಣೆಯ ಮೇಜಿನ ಮೇಲೆ ಅಂಗಾತ ಮಲಗಿದ್ದ.

"ಯಾರು ಓಡಿಸ್ತಿರೋದು ಅದನ್ನ?"

ನಾದಿನಿ ಅಣ್ಣನ ತಲೆ ಬಾಚುತ್ತಿದ್ದಳು. ಕಣ್ಣೆತ್ತಲಿಲ್ಲ. "ನಮ್ಮ ತಮ್ಮ ಬಾಡಿಗೆ ಡ್ರೈವರ್ ಒಬ್ಬನ್ನ ಕರೆಸಿದ್ದಾನೆ ಅತ್ತಿಗೆ. ನಾಳೆ ಮಳೆ ಅಂತಾರಲ್ಲ. ಹನ್ನೊಂದಕ್ಕೆ ಮಣ್ಣು ಮಾಡೋದಲ್ವಾ, ಅಷ್ಟರಲ್ಲಿ ಬಂದ್ಬಿಡ್ತೀನಿ ಅಂದ."

"ಭಾನುವಾರದ ತನಕ ಹೊಲ ಮುಟ್ಟಲ್ಲ ಅಂತ ನಿಮ್ಮಣ್ಣನಿಗೆ ಮಾತು ಕೊಟ್ಟಿದ್ದ."

"ಕೊಟ್ಟಿದ್ದ. ಮಳೆಗೆ ಗೊತ್ತಾ ಅದು?"

ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ನಿವೃತ್ತ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇರುವೆಗೂ ನೋವು ಮಾಡದ ಜೀವ ಅಮ್ಮ. ಇಂಥವರು ಸಿಗಲ್ಲ."

"'ಗುಬ್ಬಿ ಡ್ರೈವರ್' ಅಂತ ಹೆಸರಿಟ್ಟಿದ್ದು ನೀವೇ ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಚಹಾದ ಲೋಟದೊಳಗೆ ನೋಡಿಕೊಂಡರು. ಸತ್ತ ಮೇಲೆ ಎಲ್ಲರೂ ದೇವರಂಥವರೇ. ಇದ್ದಾಗ ಅಂಗಡಿ ಮುಂದೆ ಹಾದುಹೋದರೆ ಚಿಲಿಪಿಲಿ ಅಂದು ನಗುತ್ತಿದ್ದ ಬಾಯಿಗಳೇ ಇವು. ಅವಳಿಗೆ ಪಿತ್ತ ನೆತ್ತಿಗೇರಿತು. ಉಳಿದ ಗುಂಡಿಗಳನ್ನು ನಾದಿನಿಗೆ ಬಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಅತ್ತಿಗೆ? ಈಗ ಪೆಟ್ಟಿಗೆ ತರ್ತಾರೆ!"

"ತರಲಿ."

*

ಆ ಅಡ್ಡಹೆಸರು ತಂದದ್ದು ಹಳದಿ ಗಂಟಲಿನ, ಗುಬ್ಬಿಗಿಂತ ಚೂರು ದೊಡ್ಡ ಹಕ್ಕಿ. ಚಳಿ ಕಳೆದ ಮೇಲೆ ಮರಳುಗಾಡು ದಾಟಿ, ಕಡಲು ದಾಟಿ ಬಂದು, ಹೊಲದಂಚಿನ ಒಂಟಿ ಮರದ ಮೇಲೆ ಕೂತು ಹಾಡುತ್ತಿತ್ತು. ಮರವಿದ್ದೂ ಗೂಡು ಕಟ್ಟುತ್ತಿದ್ದುದು ಮಾತ್ರ ನೆಲದಲ್ಲಿ, ಗೋಧಿಯ ಬುಡದಲ್ಲಿ. ನಾಲ್ಕೋ ಐದೋ ಮೊಟ್ಟೆ. ಹನ್ನೆರಡು ದಿನ ಕಾವು, ಮತ್ತೆ ಹನ್ನೆರಡು ದಿನಕ್ಕೆ ಮರಿಗೆ ರೆಕ್ಕೆ. ಅಷ್ಟರೊಳಗೆ ಯಂತ್ರ ಬಂದರೆ ಮುಗಿಯಿತು.

ಇದೆಲ್ಲ ಅವಳಿಗೆ ಬಾಯಿಪಾಠ. ಬೇಕಾಗಿ ಕಲಿತದ್ದಲ್ಲ. ಮಗಳು ಎಷ್ಟನೇ ಕ್ಲಾಸು ಅಂದರೆ ತಲೆ ಕೆರೆದುಕೊಳ್ಳುತ್ತಿದ್ದ ಮನುಷ್ಯ, ಯಾವ ಗೂಡಿನ ಮೊಟ್ಟೆ ಯಾವತ್ತು ಒಡೆಯುತ್ತದೆಂದು ಊಟದ ತಟ್ಟೆಯ ಮುಂದೆ ಒಪ್ಪಿಸುತ್ತಿದ್ದ. "ಹೋಗಿ ಅದನ್ನೇ ಕಟ್ಕೋಬೇಕಿತ್ತು" ಎಂದು ಅವಳು ಎಷ್ಟು ಸಲ ಅಂದಿದ್ದಳೋ. ಅವನು ನಗುತ್ತಿದ್ದ. ಆ ನಗು ಅವಳನ್ನು ಇನ್ನಷ್ಟು ಉರಿಸುತ್ತಿತ್ತು.

ಮೊದಲ ವರ್ಷ ಗೂಡಿನ ಪಕ್ಕದಲ್ಲೇ ಗುರುತಿಗೆ ಕೋಲು ನೆಟ್ಟಿದ್ದ. ವಾರದೊಳಗೆ ಕಾಗೆಗಳು ಗುಟ್ಟು ಹಿಡಿದವು. ಕೋಲು ಕಂಡಲ್ಲಿ ಇಳಿದು ಆರು ಗೂಡು ಬರಿದು ಮಾಡಿದವು. ಅವನು ಎರಡು ದಿನ ಊಟ ಬಿಟ್ಟ. ಆಮೇಲೆ ಗೂಡಿನಿಂದ ಹತ್ತು ಹೆಜ್ಜೆ ಆಚೆಗೆ ಕೋಲು ನೆಡತೊಡಗಿದ. ಕೋಲಿನ ಹತ್ತಿರ ನಿಂತು ಹೊತ್ತು ಹುಟ್ಟುವ ಕಡೆಗೆ ಹತ್ತು ಹೆಜ್ಜೆ ಹಾಕಿದರೆ ಗೂಡು. ಕೋಲೂ ಅವನದು, ಯಂತ್ರದ ಚಕ್ರವೂ ಅವನ ಕೈಯಲ್ಲಿ. ಇನ್ನೊಬ್ಬರಿಗೆ ಹೇಳುವ ಪ್ರಮೇಯವೇ ಬಂದಿರಲಿಲ್ಲ. ಬುತ್ತಿ ಒಯ್ಯುತ್ತಿದ್ದವಳಿಗೆ ಮಾತ್ರ ಗೊತ್ತಿತ್ತು.

*

ಮೈದುನ ದೂರದಿಂದಲೇ ಕೈಯೆತ್ತಿದ. ಕೋಲಿನ ಸುತ್ತ ಹಾಸಿಗೆಯಗಲ ಗೋಧಿ ನೆಟ್ಟಗೆ ನಿಂತಿತ್ತು. ಪಶ್ಚಿಮದ ಕಡೆಯೆಲ್ಲ ಬೋಳಾಗಿತ್ತು. ಯಂತ್ರ ಈಗ ಪೂರ್ವದ ಕಡೆಯ ಗೋಧಿಗೆ ತಿರುಗುತ್ತಿತ್ತು.

"ನೋಡಿ ಅತ್ತಿಗೆ, ಅಣ್ಣನ ಕೋಲು ಮುಟ್ಟಿಲ್ಲ! ಅವನ ಹೆಸರಲ್ಲಿ ಅಷ್ಟು ಬಿಟ್ಟಿದೀನಿ."

ಅವಳು ಕೋಲಿಗೆ ಬೆನ್ನು ಕೊಟ್ಟು ಪೂರ್ವಕ್ಕೆ ಹೆಜ್ಜೆ ಎಣಿಸುತ್ತ ನಡೆದಳು. ಅವನ ಹತ್ತು ಅಂದರೆ ಇವಳ ಹದಿಮೂರು. ಯಂತ್ರ ಆಚೆ ತುದಿಯಲ್ಲಿ ತಿರುಗಿ ಎದುರಿಗೇ ಬರುತ್ತಿತ್ತು. ಹದಿಮೂರಕ್ಕೆ ನಿಂತು ಎರಡೂ ಕೈ ಚಾಚಿದಳು. ಡ್ರೈವರ್ ಬೈಯುತ್ತ ಬ್ರೇಕ್ ಒತ್ತಿದ. ಅವಳ ಕಾಲ ಬಳಿ, ಹುಲ್ಲಿನ ಬಟ್ಟಲಲ್ಲಿ, ನಾಲ್ಕು ಬಾಯಿ ತೆರೆದುಕೊಂಡಿದ್ದವು.

ಮೈದುನ ಏದುಸಿರು ಬಿಡುತ್ತ ಬಂದು ಬಗ್ಗಿ ನೋಡಿದ. "ಅಯ್ಯೋ. ಇಲ್ಲಿದೆಯಾ? ನಂಗೆ ಯಾರು ಹೇಳಿದ್ರು?"

"ಭಾನುವಾರದ ತನಕ ಕಾದಿದ್ರೆ ಇವು ಹಾರಿಹೋಗಿರ್ತಿದ್ವು, ಯಾರೂ ಹೇಳಬೇಕಿರಲಿಲ್ಲ."

"ಗಾಳಿ ಬಂದಾಗ ತೂರಿಕೋಬೇಕು ಅತ್ತಿಗೆ. ವರ್ಷದ ಬೆಳೆ. ಸರಿ, ಇಷ್ಟು ಜಾಗ ಬಿಟ್ಟು ಕೊಯ್ಯೋಕೆ ಹೇಳ್ತೀನಿ, ಬನ್ನಿ. ಪೆಟ್ಟಿಗೆ ಹೊರಡೋ ಹೊತ್ತಾಯ್ತು."

"ಯಾರಿಗೆ ಹೇಳ್ತೀಯ? ಮೂರು ಸುತ್ತು ಹೊಡೆದರೆ ಧೂಳಲ್ಲಿ ಅವನಿಗೆ ಅವನ ಮೂಗೇ ಕಾಣಲ್ಲ."

"ಹಾಗಾದ್ರೆ ಏನ್ಮಾಡ್ಲಿ?"

ಅವಳು ಕೋಲಿನ ಕಡೆ ಕೈ ತೋರಿಸಿದಳು. "ಎರಡರಲ್ಲಿ ಒಂದು ಆರಿಸ್ಕೋ. ಯಂತ್ರ ನಿಲ್ಲಿಸಿ ಅಣ್ಣನ ಮಣ್ಣಿಗೆ ಬಾ. ಇಲ್ಲಾ, ಕೊಯ್ಲು ಮಾಡಿಸ್ಕೋ, ಕೋಲಿನ ಹತ್ತಿರ ನೀನೇ ನಿಂತು ಕಾಯಿ. ಅಲ್ಲಿಂದ ಇಲ್ಲಿವರೆಗೆ ಒಂದು ತೆನೆ ಬೀಳಬಾರದು."

"ನನ್ನಣ್ಣ ಅತ್ತಿಗೆ ಅವನು! ಒಂದು ಹಿಡಿ ಮಣ್ಣು ಹಾಕಬೇಡ್ವಾ ನಾನು?"

"ಅದನ್ನ ಬೆಳಿಗ್ಗೆ ಯಂತ್ರ ಶುರು ಮಾಡಿಸುವಾಗ ಯೋಚಿಸಬೇಕಿತ್ತು."

"ಜನ ಏನಂತಾರೆ?"

"ನಿಮ್ಮಣ್ಣನಿಗೆ ಗುಬ್ಬಿ ಅಂದ್ರು. ನಿಂಗೂ ಏನೋ ಒಂದು ಅಂತಾರೆ, ಬಿಡು."

ಅವನು ಅವಳ ಮುಖ ನೋಡಿದ. ಊರಿನ ಕಡೆ ನೋಡಿದ. ಆಮೇಲೆ ತಲೆಯೆತ್ತಿ ಆಕಾಶ ನೋಡಿದ. ಅಂಚಿನಲ್ಲಿ ಕಪ್ಪು ಮೋಡ ಸೇರುತ್ತಿತ್ತು. ಇನ್ನೂ ಅರ್ಧ ಹೊಲ ಬಾಕಿಯಿತ್ತು. ಅವಳು ಕಾದಳು. ಬರುತ್ತಾನೆ ಎಂದು ಒಂದು ಗಳಿಗೆ ನಂಬಿಯೂ ಇದ್ದಳು.

ಮೈದುನ ತಲೆ ತಗ್ಗಿಸಿಕೊಂಡು ಕೋಲಿನ ಕಡೆಗೆ ನಡೆದ. ಡ್ರೈವರ್‌ಗೆ ಕೈ ಬೀಸಿದ.

*

ಪೆಟ್ಟಿಗೆ ಹೊತ್ತವರು ಹೊಲದ ಪಕ್ಕದ ರಸ್ತೆಗೆ ಬಂದಾಗ ಹನ್ನೊಂದೂವರೆ. ಅವಳು ಮುಂದೆ ನಡೆಯುತ್ತಿದ್ದಳು. ಹಿಂದಿನಿಂದ ನಾದಿನಿ, "ತಮ್ಮ ಎಲ್ಲಿ? ತಮ್ಮ ಬರಲಿಲ್ವಾ?" ಎಂದು ಕೇಳುತ್ತಲೇ ಇದ್ದಳು. ಮೇಷ್ಟ್ರು ಬೆರಳು ತೋರಿಸಿದರು.

ಧೂಳಿನ ನಡುವೆ, ಎದೆಮಟ್ಟದ ಗೋಧಿಯ ತುಂಡೊಂದರಲ್ಲಿ, ಅವನು ಒಬ್ಬನೇ ನಿಂತಿದ್ದ. ಯಂತ್ರ ಅವನನ್ನು ಸುತ್ತು ಹಾಕುತ್ತಿತ್ತು. ಪೆಟ್ಟಿಗೆ ಕಂಡೊಡನೆ ಟೋಪಿ ತೆಗೆದು ರಸ್ತೆಯ ಕಡೆಗೆ ಒಂದು ಹೆಜ್ಜೆ ಇಟ್ಟ. ಯಂತ್ರ ತಿರುಗಿ ಅವನತ್ತಲೇ ಬಂತು. ಅವನು ಹೆಜ್ಜೆ ಹಿಂದಕ್ಕಿಟ್ಟು, ಟೋಪಿ ಹಿಡಿದ ಕೈಯನ್ನೇ ಮೇಲೆತ್ತಿ, ಡ್ರೈವರ್‌ಗೆ ಕಾಣುವಂತೆ ಜೋರಾಗಿ ಬೀಸತೊಡಗಿದ.