ಹನ್ನೆರಡು ದಿನಗಳ ವೀಕ್ಷಣೆ

ಸಂಜೆ ಆರು ನಲವತ್ತಕ್ಕೆ ಇಂಡಿ ಪಟ್ಟಣದಿಂದ ಬರುವ ಬಸ್ಸು ಲಚ್ಯಾಣದ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಹೊನ್ನವ್ವ ಎದ್ದು ಒಲೆಯ ಮೇಲೆ ಹಂಚು ಇಟ್ಟಳು.

ಆ ಬಸ್ಸಿಗೆ ಬರುತ್ತಿದ್ದವನು ಮಗ ಅಮಿತ. ಇಂಡಿಯ ಮೊಬೈಲ್ ಅಂಗಡಿಯಲ್ಲಿ ಕೆಲಸ. ಆರಿದ ರೊಟ್ಟಿ ಮುಟ್ಟುತ್ತಿರಲಿಲ್ಲ. ಹಾರ್ನ್ ಕೇಳಿ ಹಂಚು ಇಟ್ಟರೆ, ಅವನು ಕೈಕಾಲು ತೊಳೆಯುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬುತ್ತಿತ್ತು. ಒಂದು ಸಂಜೆ ಬಸ್ಸು ತಪ್ಪಿ ಗೆಳೆಯನ ಬೈಕ್ ಹತ್ತಿದವನು ಮನೆ ಮುಟ್ಟಲಿಲ್ಲ. ಅದಾಗಿ ಹನ್ನೊಂದು ತಿಂಗಳು.

ಮಗಳು ಸುವರ್ಣಾ ಬಿ.ಎ. ಮೊದಲ ವರ್ಷದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಮನೆಯವರೊಬ್ಬರ ವರ್ತನೆಯನ್ನು ಹನ್ನೆರಡು ದಿನ ಗಮನಿಸಿ ಬರೆದು ತರಲು ಮಂಜರಿ ಮೇಡಂ ಹೇಳಿದ್ದರು, ಹತ್ತು ಅಂಕ. ವಹಿಯಲ್ಲಿ ನಾಯಿ ಮತ್ತು ಗಂಟೆಯ ಪ್ರಯೋಗ ಬರೆದು, ಅದರ ಕೆಳಗೆ ಸುವರ್ಣಾ ಸೇರಿಸಿದಳು: 'ಪ್ರಚೋದನೆ: ಹಾರ್ನ್. ಪ್ರತಿಕ್ರಿಯೆ: ತಾಯಿ ಹಂಚು ಇಡುವುದು.' ಗಂಟೆಯ ಸದ್ದಿಗೇ ಜೊಲ್ಲು ಸುರಿಸಲು ಕಲಿತ ನಾಯಿ, ಗಂಟೆ ಬಾರಿಸಿಯೂ ಅನ್ನ ಹಾಕದಿದ್ದರೆ ಬರಬರುತ್ತ ಅದನ್ನು ಬಿಡುತ್ತದೆ ಎಂದಿತ್ತು ಪುಸ್ತಕ. ಅವ್ವನೂ ಹಂಚು ಇಡುವುದನ್ನು ಬಿಟ್ಟಾಳು, ದುಃಖ ಇಳಿದೀತು ಎಂದು ಸುವರ್ಣಾ ಕಾದಿದ್ದಳು.

ಹನ್ನೆರಡನೆಯ ದಿನ ವಹಿ ಹೊನ್ನವ್ವನ ಕೈಗೆ ಸಿಕ್ಕಿತು.

"ನಾಯಿ ಅಂದ್ರ ನಾನಾ?"

"ಯವ್ವಾ, ಅದು ಪುಸ್ತಕದಾಗಿನ ನಾಯಿ."

"ನಾಕನೇ ಇಯತ್ತೆ ಕಲತಾಕಿಗೂ ಓದಾಕ ಬರ್ತೈತಿ. ಮ್ಯಾಲ ನಾಯಿ, ಕೆಳಗ ನಾನು. ಜೊಲ್ಲ ಎಷ್ಟ ಸುರೀತು ಅನ್ನೂದೊಂದು ಬರದಿಲ್ಲ ನೋಡು."

ಸುವರ್ಣಾ ವಹಿಗೆ ಕೈ ಚಾಚಿದಳು. ಹೊನ್ನವ್ವ ಕೊಡದೆ ಹಾಳೆ ತಿರುವಿದಳು.

"ಶುಕ್ರವಾರ ಹಾರ್ನ ಆತು ಅಂತ ಸುಳ್ಳ ಬರದಿ. ನೀ ಬಾಜೂಕಿನ ರುಕ್ಮವ್ವನ ಮನ್ಯಾಗ ಕುಂತಿದ್ದಿ. ಅವತ್ತ ಬಸ್ಸ ಬರಲೇ ಇಲ್ಲ, ಹಾರ್ನ ಎಲ್ಲಿಂದ ಬರಬೇಕು? ಆದ್ರೂ ಹಂಚ ಇಟ್ಟಿದ್ದೆ."

"ಯಾಕವ್ವಾ?"

"ಅಂವ ಬರಂಗಿಲ್ಲಂತ ನನಗ ಗೊತ್ತಿಲ್ಲೇನ? ಆ ಹೊತ್ತಿಗೆ ಕೈ ಸುಮ್ಮನಿದ್ರ ಜೀವಾ ತಡಿಯಂಗಿಲ್ಲ. ಅದಕ್ಕ."

ಮರುದಿನ ಆರು ನಲವತ್ತಕ್ಕೆ ಹಾರ್ನ್ ಕೇಳಿತು. ಕಟ್ಟೆಯ ಮೇಲೆ ಕೂತ ಹೊನ್ನವ್ವ ಏಳಲಿಲ್ಲ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸುವರ್ಣಾ ತಾನೇ ಒಲೆ ಹೊತ್ತಿಸಿ ಹಂಚು ಇಟ್ಟಳು.

"ಯವ್ವಾ, ಹಂಚ ಕಾದೈತಿ. ಬಾ."

"ಇಳಸು," ಎಂದಳು ಹೊನ್ನವ್ವ, ತಿರುಗಿ ನೋಡದೆ. "ನೋಡವರ ಮುಂದ ನನಗ ಆಗೂದಿಲ್ಲ."

ಸೋಮವಾರ ಸುವರ್ಣಾ ಮೇಡಂಗೆ ವಹಿ ಕೊಡಲಿಲ್ಲ. ಹತ್ತಕ್ಕೆ ಸೊನ್ನೆ ಬಂತು. ಹೊನ್ನವ್ವ ಅಂದಿನಿಂದ ರಾತ್ರಿಯ ರೊಟ್ಟಿಯನ್ನೂ ಮಧ್ಯಾಹ್ನವೇ ಬಡಿದಿಡತೊಡಗಿದಳು.